ಸುಟ್ಟ ಎಲ್‌ಇಡಿಯ ಲೆಕ್ಕ ನಾವು ಕೊಡೋಣ



ನಿಮ್ಮೂರಿನ ಪ್ರೌಢಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ? ಇದ್ದರೆ ಅಲ್ಲಿನ ಬೀರುವಿನ ಬೀಗ ತಿಂಗಳಿಗೆ ಎಷ್ಟು ಸಲ ತೆಗೆಯುತ್ತಾರೆ? ಈ ಎರಡು ಪ್ರಶ್ನೆ ಇಟ್ಟುಕೊಂಡು ಒಮ್ಮೆ ಶಾಲೆಗೆ ಹೋಗಿ ಬನ್ನಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನೀತಿ ಆಯೋಗದ ಅಡಿಯಲ್ಲಿ 2016ರಲ್ಲಿ ಶುರುವಾದ ಯೋಜನೆ ಇದು. ಆರನೇ ತರಗತಿಯಿಂದ ಹನ್ನೆರಡರವರೆಗಿನ ಮಕ್ಕಳು ಎಲೆಕ್ಟ್ರಾನಿಕ್ಸ್, ರೋಬೋಟಿಕ್ಸ್‌ಗಳನ್ನು ಕೈಯಾರೆ ಮಾಡಿ ಕಲಿಯಲೆಂದು ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ದೇಶದಲ್ಲಿ ಇಂಥ ಲ್ಯಾಬ್‌ಗಳು ಈಗಾಗಲೇ 10,000 ದಾಟಿವೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಸಾಮಾನು ಬರುತ್ತದೆ. ಅದು ಮಕ್ಕಳ ಕೈಗೆ ಬರುತ್ತದೆಯೇ ಎಂಬುದೇ ನನ್ನ ಆತಂಕ. ಚೆನ್ನಾಗಿ ನಡೆಸುವ ಶಾಲೆಗಳಿವೆ, ಅವುಗಳಿಗೆ ಕೈಮುಗಿಯುತ್ತೇನೆ. ಆದರೆ ಪೆಟ್ಟಿಗೆಗೆ ಸುತ್ತಿದ ಟೇಪನ್ನೇ ಬಿಚ್ಚದ ಕಡೆಗಳನ್ನೂ ನೋಡಿದ್ದೇನೆ. ಅಲ್ಲಿ ತ್ರೀಡಿ ಪ್ರಿಂಟರ್‌ಗೆ ಹೊದಿಸಿದ ಬಟ್ಟೆ ಅಧಿಕಾರಿಗಳು ಭೇಟಿ ಕೊಡುವ ದಿನ ಮಾತ್ರ ಸರಿಯುತ್ತದೆ.

ಮೇಷ್ಟ್ರ ಕಡೆ ಬೆರಳು ತೋರಿಸುವ ಮೊದಲು ದಾಸ್ತಾನು ಪುಸ್ತಕವನ್ನೊಮ್ಮೆ ನೋಡಿ. ಇಷ್ಟು ಮೋಟರ್, ಇಷ್ಟು ಸೆನ್ಸರ್, ಇಷ್ಟು ಎಲ್‌ಇಡಿ ಎಂದು ಅದರಲ್ಲಿ ಬರೆದಿರುತ್ತದೆ, ಕೆಳಗೆ ಅವರ ಸಹಿ ಇರುತ್ತದೆ. ನಾಳೆ ಆಡಿಟ್‌ನವರು ಬಂದು ಎಣಿಸಿದಾಗ ನಾಲ್ಕು ಕಡಿಮೆ ಬಂದರೆ ಉತ್ತರ ಹೇಳಬೇಕಾದವರು ಅವರೇ. ಜೊತೆಗೆ ಚುನಾವಣೆ ಕೆಲಸ, ಗಣತಿ ಕೆಲಸ, ಹತ್ತನೇ ತರಗತಿಯ ಫಲಿತಾಂಶದ ಒತ್ತಡ. ಇಷ್ಟರ ನಡುವೆ ಬೀಗ ಹಾಕಿಟ್ಟರೆ ಅದು ಸೋಮಾರಿತನವಲ್ಲ, ಭಯ. ಆ ಭಯವನ್ನು ಅವರ ತಲೆಯ ಮೇಲಿಂದ ಇಳಿಸುವುದು ಊರಿನವರಾದ ನಮ್ಮಿಂದ ಸಾಧ್ಯ.

ಯಾಕೆಂದರೆ ಈ ವಿದ್ಯೆಯಲ್ಲಿ ಸುಡದೆ ಕಲಿಯಲಾಗದು. ಕೆಂಪು ಎಲ್‌ಇಡಿಯೊಂದನ್ನು 9 ವೋಲ್ಟ್ ಬ್ಯಾಟರಿಗೆ ನೇರವಾಗಿ ಹಚ್ಚಿದರೆ ಫಳಕ್ಕನೆ ಮಿಂಚಿ ಸತ್ತುಹೋಗುತ್ತದೆ. ಮಗುವಿನ ಮುಖ ಪೆಚ್ಚಾಗುತ್ತದೆ. ಆಗ ಪಕ್ಕದಲ್ಲಿ ಕೂತು ಕೇಳಬೇಕು: ಇದಕ್ಕೆ ಬೇಕಾದದ್ದು ಸುಮಾರು 2 ವೋಲ್ಟ್, ಉಳಿದ 7 ವೋಲ್ಟ್ ಎಲ್ಲಿಗೆ ಹೋಗಬೇಕು? 20 ಮಿಲಿ ಆಂಪಿಯರ್ ಸಾಕೆಂದರೆ ನಡುವೆ ಎಷ್ಟು ಓಮ್ ಇಡಬೇಕು? ಭಾಗಿಸಿದರೆ 350 ಬರುತ್ತದೆ. ಅಂಗಡಿಯಲ್ಲಿ 350 ಸಿಗುವುದಿಲ್ಲ. 330 ಸಿಗುತ್ತದೆ, 390 ಸಿಗುತ್ತದೆ. ಯಾವುದನ್ನು ಹಾಕೋಣ, ಹಾಕಿದರೆ ಬೆಳಕು ಎಷ್ಟು ಬದಲಾಗುತ್ತದೆ? ಹತ್ತನೇ ತರಗತಿಯ ಪುಸ್ತಕದಲ್ಲಿರುವ ಓಮನ ನಿಯಮ ಅಂಕಕ್ಕೆ ಬರೆಯುವ ಉತ್ತರವಾಗಿ ಉಳಿಯದೆ ಮಗುವಿನ ಸ್ವಂತದ್ದಾಗುವುದು ಆ ಗಳಿಗೆಯಲ್ಲಿ. ಅದಕ್ಕೆ ತೆತ್ತದ್ದು ಒಂದೆರಡು ರೂಪಾಯಿಯ ಒಂದು ಎಲ್‌ಇಡಿ.

ಸೀಮೆಸುಣ್ಣ ಸವೆದರೆ ಯಾರೂ ಲೆಕ್ಕ ಕೇಳುವುದಿಲ್ಲ. ರೆಸಿಸ್ಟರ್, ಎಲ್‌ಇಡಿ, ವೈರು, ಬ್ಯಾಟರಿಗಳೂ ಹಾಗೆಯೇ ಸವೆಯುವ ಸಾಮಾನು ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಂದು ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಶಾಲೆಗೆ ಕಮಾನು ಕಟ್ಟಿಸಿದ, ರಂಗಮಂದಿರ ಕಟ್ಟಿಸಿದ ಹಳೇ ವಿದ್ಯಾರ್ಥಿಗಳ ಸಂಘಗಳು ನಮ್ಮಲ್ಲಿ ಎಷ್ಟೋ ಇವೆ. ಪ್ರತಿ ಜೂನ್‌ನಲ್ಲಿ ಒಂದಿಷ್ಟು ಹಣವನ್ನು ಸುಟ್ಟ ಸಾಮಾನಿನ ಬಾಬ್ತು ಎಂದು ಎತ್ತಿಡುವುದು ಅವರಿಗೆ ಭಾರವಲ್ಲ.

ಎಲ್‌ಇಡಿಯಂತೆ ರೋಬೋ ವಿಷಯದಲ್ಲೂ ಕಲಿಕೆ ಬರುವುದು ಎಡವಿದಾಗಲೇ. ಬಿಳಿ ನೆಲದ ಮೇಲೆ ಕಪ್ಪು ಟೇಪು ಅಂಟಿಸಿ, ಅದರ ಜಾಡು ಹಿಡಿದು ಓಡುವ ಪುಟ್ಟ ಗಾಡಿಯನ್ನು ಬಹಳ ಶಾಲೆಗಳಲ್ಲಿ ಮಾಡಿಸುತ್ತಾರೆ. ಬ್ಯಾಟರಿಯಲ್ಲಿ ಓಡುವ ಹಳದಿ ಬಣ್ಣದ ಎರಡು ಬಿಒ ಮೋಟರ್, ಮುಂದೆ ಎರಡು ಇನ್‌ಫ್ರಾರೆಡ್ ಸೆನ್ಸರ್. ಬಿಳಿ ನೆಲ ಕಿರಣವನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಟೇಪು ನುಂಗುತ್ತದೆ. ಎಡಗಡೆಯ ಸೆನ್ಸರ್‌ಗೆ ಕಪ್ಪು ಕಂಡರೆ ಎಡ ಚಕ್ರ ನಿಲ್ಲುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಕೋಣೆಯೊಳಗೆ ಎಲ್ಲವೂ ಸರಿ. ಅದೇ ಗಾಡಿಯನ್ನು ಬಿಸಿಲು ಬಿದ್ದ ಜಗಲಿಗೆ ತಂದು ಬಿಟ್ಟರೆ ದಿಕ್ಕೆಟ್ಟು ಗೋಡೆಗೆ ಹೋಗಿ ಗುದ್ದುತ್ತದೆ. ಪ್ರೋಗ್ರಾಂ ಬದಲಾಗಿಲ್ಲ, ವೈರು ಕಳಚಿಲ್ಲ. ಮತ್ತೇನಾಯಿತು? ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ. ಸೆನ್ಸರ್‌ಗೆ ಎಲ್ಲೆಲ್ಲೂ ಬಿಳಿಯೇ ಕಾಣುತ್ತಿದೆ. ಕಣ್ಣಿಗೆ ಕಾಣದ ಬೆಳಕು ಇರುವುದು ನಿಜವೇ ಎಂದು ಮಕ್ಕಳು ಕೇಳಿದರೆ ಟಿವಿ ರಿಮೋಟನ್ನು ಮೊಬೈಲ್ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿಸಿ, ಹೆಚ್ಚಿನ ಫೋನುಗಳಲ್ಲಿ ಅದು ನೇರಳೆ ಚುಕ್ಕೆಯಾಗಿ ಕಾಣುತ್ತದೆ. ಆಮೇಲೆ ಒಬ್ಬಳು ಸೆನ್ಸರ್ ಸುತ್ತ ರಟ್ಟಿನ ಮರೆ ಕಟ್ಟುತ್ತಾಳೆ, ಇನ್ನೊಬ್ಬ ಸೆನ್ಸರ್ ಮೇಲಿನ ಪುಟ್ಟ ಸ್ಕ್ರೂ ತಿರುಗಿಸಿ ನೋಡುತ್ತಾನೆ, ಮೂರನೆಯವರು ಸಂಜೆವರೆಗೆ ಕಾಯೋಣ ಎನ್ನುತ್ತಾರೆ. ಮೂರೂ ಒಳ್ಳೆಯ ಯೋಚನೆಗಳೇ. ಗೋಡೆಗೆ ಗುದ್ದಿದ ಆ ಗಾಡಿಯೇ ಅವರಿಗೆ ನಿಜವಾದ ಪಾಠ ಎಂಬುದು ನನ್ನ ನಂಬಿಕೆ.

ಆದ್ದರಿಂದ ತಂದೆತಾಯಂದಿರೇ, ವಿಜ್ಞಾನ ವಸ್ತುಪ್ರದರ್ಶನದ ಹಿಂದಿನ ದಿನ ಅಂಗಡಿಯಿಂದ ಸಿದ್ಧ ಮಾದರಿಯನ್ನು ತಂದುಕೊಡಬೇಡಿ. ಕೈಯಲ್ಲಿ ಮಾಡಿದ್ದು ವಕ್ರವಾಗಿದ್ದರೂ, ಅರ್ಧಕ್ಕೆ ನಿಂತರೂ, ಅದನ್ನೇ ಒಯ್ಯಲಿ. ತೀರ್ಪುಗಾರರಾಗಿ ಹೋಗುವವರು ಮಿರುಗುವ ಮಾದರಿಗೆ ಬಹುಮಾನ ಕೊಡುವ ಮುನ್ನ ಒಂದು ವೈರು ಕಿತ್ತು, ಈಗ ಸರಿಮಾಡು ನೋಡೋಣ ಎಂದು ಕೇಳಲಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕಾಗಿದೆ. ಗುಂಪಿನಲ್ಲಿ ಸ್ಕ್ರೂಡ್ರೈವರ್ ಹುಡುಗರ ಕೈಗೆ ಹೋಗುತ್ತದೆ, ಚಾರ್ಟ್ ಬರೆಯುವುದು, ಬಣ್ಣ ಹಚ್ಚುವುದು ಹುಡುಗಿಯರ ಪಾಲಿಗೆ ಬರುತ್ತದೆ. ಯಾರೂ ಬೇಕೆಂದು ಮಾಡುವುದಲ್ಲ, ತಡೆಯದಿದ್ದರೆ ತಾನಾಗಿ ಆಗುತ್ತದೆ. ಹೆಣ್ಣುಮಕ್ಕಳದ್ದೇ ಒಂದು ಗುಂಪು ಮಾಡಿ. ಇಲ್ಲವೇ ಹತ್ತು ನಿಮಿಷಕ್ಕೊಮ್ಮೆ ಸಲಕರಣೆ ಕೈ ಬದಲಾಗುವಂತೆ ನೋಡಿಕೊಳ್ಳಿ.

ಕಲಿಸುವವರು ಎಲ್ಲಿದ್ದಾರೆ ಎನ್ನುತ್ತೀರಾ? ನಿಮ್ಮ ಬೀದಿಯಲ್ಲೇ ಇದ್ದಾರೆ. ಮೊಬೈಲ್ ರಿಪೇರಿಯ ಹುಡುಗನಿಗೆ ಸೋಲ್ಡರಿಂಗ್‌ನಲ್ಲಿರುವ ಹಸ್ತಕೌಶಲ ಎಷ್ಟೋ ಇಂಜಿನಿಯರಿಂಗ್ ಪದವೀಧರರಿಗಿಲ್ಲ. ಪಂಪ್‌ಸೆಟ್ ಮೋಟರ್‌ಗೆ ವೈಂಡಿಂಗ್ ಮಾಡುವವರು, ಪಾಲಿಟೆಕ್ನಿಕ್ ಮತ್ತು ಐಟಿಐ ಓದುತ್ತಿರುವವರು, ಮೂಲೆಯ ಟಿವಿ ಮೆಕ್ಯಾನಿಕ್, ಇವರೆಲ್ಲ ಶಾಲೆಯ ಬಾಗಿಲಿಗೆ ಗುರುಗಳಾಗಿ ಬರಬೇಕು. ಬೆಂಗಳೂರಿಗೆ 1948ರಲ್ಲಿ ಟೆಲಿಫೋನ್ ಕಾರ್ಖಾನೆ ಬಂತು, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಬಂತು. ಅಲ್ಲಿ ದುಡಿದು ನಿವೃತ್ತರಾದ ಹಿರಿಯರು ನಾಡಿನ ಎಷ್ಟೋ ಊರುಗಳಲ್ಲಿ ಹರಡಿಕೊಂಡಿದ್ದಾರೆ. ಹಿರಿಯರೇ, ನಿಮ್ಮ ಬೆರಳುಗಳಿಗೆ ಗೊತ್ತಿರುವುದು ಯಾವ ಕಿಟ್ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಕಿಟ್‌ಗಳ ಜೊತೆ ಬರುವ ಇಂಗ್ಲಿಷ್ ಸೂಚನೆಗಳನ್ನು ಒಂದು ಪುಟದ ಸರಳ ಕನ್ನಡದಲ್ಲಿ ಬರೆದುಕೊಟ್ಟರೂ ಅದು ದೊಡ್ಡ ಉಪಕಾರ.

ಲ್ಯಾಬ್ ಇಲ್ಲದ ಶಾಲೆಯಾದರೆ ಗುಜರಿ ಅಂಗಡಿ ಇದೆ. ಹಾಳಾದ ಡಿವಿಡಿ ಪ್ಲೇಯರ್ ಬಿಚ್ಚಿದರೆ ಸಣ್ಣ ಮೋಟರ್‌ಗಳು, ಹಲ್ಲುಚಕ್ರಗಳು ಸಿಗುತ್ತವೆ. ಆದರೆ ಎಚ್ಚರ: ಹಳೆಯ ದಪ್ಪ ಟಿವಿ, ಮೈಕ್ರೋವೇವ್, ಸಿಎಫ್‌ಎಲ್ ಬಲ್ಬುಗಳನ್ನು ಮಕ್ಕಳು ಬಿಚ್ಚಲೇಕೂಡದು, ಕರೆಂಟು ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯ ಉಳಿದಿರುತ್ತದೆ, ಸಿಎಫ್‌ಎಲ್ ಕೊಳವೆಯಲ್ಲಿ ಪಾದರಸವಿದೆ. ಗೋಡೆಯ 230 ವೋಲ್ಟ್‌ನ ತಂಟೆಯೇ ಬೇಡ. ಉಬ್ಬಿದ ಮೊಬೈಲ್ ಬ್ಯಾಟರಿ ಮುಟ್ಟಬಾರದು. ಸೋಲ್ಡರ್‌ನಲ್ಲಿ ಸೀಸ ಇರಬಹುದಾದ್ದರಿಂದ ಕೆಲಸ ಮುಗಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಸಿ, ಕಿಟಕಿ ತೆರೆದಿಡಿ.

ಶನಿವಾರದ ಶಾಲೆ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಇದನ್ನೆಲ್ಲ ಕಲಿಸಲು ಆಮೇಲಿನ ಎರಡು ಗಂಟೆ ಸಾಕು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಒಬ್ಬ ಶಿಕ್ಷಕರನ್ನು ಜೊತೆಗಿಟ್ಟುಕೊಂಡು ಶುರುಮಾಡಿ. ಬ್ಯಾನರ್ ಕಟ್ಟಿ, ಫೋಟೊ ತೆಗೆದು, ಒಂದೇ ದಿನಕ್ಕೆ ಮುಗಿಸುವ ಕಾರ್ಯಾಗಾರ ಬೇಡ; ಮಗು ಕೆಡಿಸಿದ್ದನ್ನು ಮುಂದಿನ ವಾರ ಅದೇ ಮಗು ಸರಿಪಡಿಸಲು ಅವಕಾಶ ಇರಬೇಕು. ಜೂನ್‌ನಿಂದ ಫೆಬ್ರುವರಿವರೆಗೆ ತಿಂಗಳಿಗೆ ಎರಡು ಶನಿವಾರ ಕೊಡಿ. ಒಬ್ಬರಿಗೆ ಆಗದಿದ್ದರೆ ಇಬ್ಬರು ಮೂವರು ಸೇರಿ ಸರದಿ ಹಾಕಿಕೊಳ್ಳಿ.