ಬಿಗಿತಕ್ಕೂ ಅಳತೆ ಬೇಕು



ನೆರೆಯ ಗೋವೆಯಲ್ಲಿ ಕಟ್ಟಿದ ‘ತಾರಿಣಿ’ ಹಾಯಿದೋಣಿಯಲ್ಲಿ ನಮ್ಮ ನೌಕಾಪಡೆಯ ಆರು ಮಹಿಳೆಯರು 2017–18ರಲ್ಲಿ ಭೂಪ್ರದಕ್ಷಿಣೆ ಮಾಡಿದ್ದು ನಿಮಗೆ ನೆನಪಿರಬಹುದು. ಇಂದಿನ ಇಂಥ ದೋಣಿಗಳ ಹಾಯಿಕಂಬವನ್ನು ನೆಟ್ಟಗೆ ನಿಲ್ಲಿಸುವುವು ಸುತ್ತಲಿನ ಲೋಹದ ತಂತಿಗಳು. ಅವು ಸಡಿಲಾದರೆ ಕಂಬ ಹೊಯ್ದಾಡುತ್ತದೆ. ಅತಿ ಬಿಗಿಯಾದರೆ ದೋಣಿಯ ಒಡಲಿಗೇ ಪೆಟ್ಟು.

ಬೆರಳಿನಿಂದ ಮೀಟಿ ‘ಇಷ್ಟು ಸಾಕು’ ಎನ್ನುವವರುಂಟು. ಜೀವಗಳನ್ನು ಹೊತ್ತ ಕಂಬಕ್ಕೆ ಅಂದಾಜು ಸಾಲದೆಂಬುದು ನನ್ನ ಮತ. ಅಳೆಯುವುದೇನೂ ಕಷ್ಟವಲ್ಲ. ಹತ್ತೊಂಬತ್ತು ಎಳೆಗಳ ಸ್ಟೇನ್‌ಲೆಸ್ ಸ್ಟೀಲ್ ತಂತಿ ಸಡಿಲಾಗಿದ್ದಾಗ ಅದರ ಮೇಲೆ 2 ಮೀಟರ್ ಗುರುತಿಸಿ, ಬುಡದ ತಿರುಪನ್ನು ಬಿಗಿಸಬೇಕು. ಆ ಉದ್ದ 1 ಮಿಲಿಮೀಟರ್ ಹಿಗ್ಗಿದರೆ, ತಂತಿ ಹರಿಯುವ ಬಲದ ಸುಮಾರು ಶೇ. 5ರಷ್ಟು ಎಳೆತ ಬಂದಿತೆಂದು ಲೆಕ್ಕ. 3 ಮಿಲಿಮೀಟರಿಗೆ ಶೇ. 15.

ಇದು 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮವೇ: ಎಳೆದಷ್ಟೂ ಹಿಗ್ಗು. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಅಂಕ ಪಡೆದು ಮರೆಯುತ್ತಾರೆ. ಕಡಲು ಕಾಣದ ಬೆಲ್ಲದ ಬಾಗೇವಾಡಿಯಲ್ಲೂ ಒಂದು ಸ್ಪ್ರಿಂಗು, ನಾಲ್ಕು ತೂಕದ ಕಲ್ಲು, ಒಂದು ಅಳತೆಪಟ್ಟಿ ಸಿಕ್ಕೇ ಸಿಗುತ್ತವೆ. ಶಿಕ್ಷಕರಾಗಿರುವ ನನ್ನ ಶಿಷ್ಯರು ಸೂತ್ರ ಬರೆಸುವ ಮೊದಲು ಮಕ್ಕಳ ಕೈಯಿಂದಲೇ ಅಳೆಯಿಸಲಿ. ಅಳೆದು ಕಲಿತ ಕೈ ಮುಂದೆ ದೋಣಿಯನ್ನೂ ನಂಬಿಕೆಯಿಂದ ನಡೆಸೀತು.