ಕಳ್ಳು, ಭಟ್ಟಿ, ಕಳ್ಳಭಟ್ಟಿ: ಹೊಯ್ಸಳ ನಾಡಿನ ಓದಿಗೊಂದು ತಕರಾರು

ಅರಸೀಕೆರೆ, ಬೇಲೂರು, ಹಳೇಬೀಡುಗಳ ಹೊಯ್ಸಳಕಾಲೀನ ಜನಜೀವನವನ್ನು ಕುರಿತು ಬರೆಯುವವರು ಕಾವ್ಯದಲ್ಲಿ ಸುರೆ, ಕಳ್, ಮಧು ಎಂಬ ಮಾತು ಕಂಡೊಡನೆ ಅದನ್ನು ಇಂದಿನ ಕಳ್ಳಭಟ್ಟಿಯ ಪೂರ್ವರೂಪವೆಂದು ಬಗೆಯುವುದುಂಟು. ಈ ಸಮೀಕರಣ ಒಪ್ಪತಕ್ಕದ್ದಲ್ಲ. ಕಳ್ಳು ಹುದುಗಿದ ಪಾನೀಯ. ಕಳ್ಳಭಟ್ಟಿ ಹುದುಗಿದ್ದನ್ನು ಕಾಯಿಸಿ ಇಳಿಸಿದ್ದು.

ಹೆಸರೂ ದಾರಿ ತಪ್ಪಿಸುತ್ತದೆ. ಹಳಗನ್ನಡದಲ್ಲಿ 'ಕಳ್' ಎಂದರೆ ಮದ್ಯವೂ ಹೌದು, ಕದಿಯುವುದೂ ಹೌದು. ಆದರೆ ದ್ರಾವಿಡ ನಿಘಂಟುಕಾರರು ಇವನ್ನು ಬೇರೆ ಬೇರೆ ಮೂಲದ ಶಬ್ದಗಳೆಂದೇ ಎಣಿಸಿದ್ದಾರೆ. ಕಳ್ಳಭಟ್ಟಿಯಲ್ಲಿರುವುದು ಎರಡನೆಯದು. ಅದು ಕಳ್ಳನೋಟು, ಕಳ್ಳಸಾಗಣೆಗಳ ಸಾಲಿಗೆ ಸೇರಿದ ಮಾತು. ಪರವಾನಗಿ ಪಡೆದ ಭಟ್ಟಿಯೊಂದಿದ್ದಾಗ ಅಥವಾ ಭಟ್ಟಿಯನ್ನೇ ನಿಷೇಧಿಸಿದಾಗ ಮಾತ್ರ ಅದಕ್ಕೆ ಅರ್ಥ.

ತಯಾರಿಕೆಯನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬೆಲ್ಲವನ್ನು ನೀರಿನಲ್ಲಿ ಕದಡಿ, ಬಿಳಿಜಾಲಿಯ ತೊಗಟೆ ಹಾಕಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಕೆಲವು ದಿನ ಬಿಡುತ್ತಾರೆ. ನೊರೆಯೆದ್ದು ಅಡಗಿದ ಮೇಲೆ ಅದು ಒಲೆಗೇರುತ್ತದೆ. ಮದ್ಯಸಾರ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100ರಲ್ಲಿ. ಇಡೀ ವಿದ್ಯೆ ನಿಂತಿರುವುದು ಈ ಅಂತರದ ಮೇಲೆ. ಮೊದಲೇಳುವ ಆವಿ ಮೇಲಿಟ್ಟ ತಣ್ಣೀರಿನ ಪಾತ್ರೆಯ ತಳಕ್ಕೆ ತಾಗಿ, ಹನಿಗಟ್ಟಿ, ಒಳಗಿನ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಅರಬ್ಬಿಯ 'ಅರಕ್' ಎಂದರೆ ಬೆವರು. ಪಾತ್ರೆಯ ತಳವನ್ನು ಕಂಡವರಿಗೆ ಆ ಹೆಸರು ವಿಚಿತ್ರವೆನಿಸದು.

ಇನ್ನು ಕಾವ್ಯದ ಸಾಕ್ಷ್ಯ. ಜೈನನಾದ ಪಂಪ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಾನಗೋಷ್ಠಿಯನ್ನು ಸವಿಸ್ತಾರವಾಗಿ ಬಣ್ಣಿಸಿದ್ದಾನೆ. ಮಧುಪಾನವು ಅಷ್ಟಾದಶ ವರ್ಣನೆಗಳಲ್ಲೊಂದು. ಮಹಾಕವಿ ಎನ್ನಿಸಿಕೊಳ್ಳಬೇಕಾದವನು ಅದನ್ನು ಬಿಡುವಂತಿರಲಿಲ್ಲ. ಅಂಥ ವರ್ಣನೆಯನ್ನು ಶಾಸನದಂತೆ ಓದಿ ಊರಿನ ಕುಡಿತದ ಲೆಕ್ಕ ತೆಗೆಯುವುದು ಸಲ್ಲದು. ಅದಕ್ಕಿಂತ ಹನ್ನೆರಡನೆಯ ಶತಮಾನದ ಶರಣ ಹೆಂಡದ ಮಾರಯ್ಯನ ಹೆಸರೇ ಹೆಚ್ಚು ಬೆಲೆಯುಳ್ಳ ಸಾಕ್ಷಿ: ಹೆಂಡ ಮಾರುವುದು ಅಲ್ಲಿ ಬಚ್ಚಿಡಬೇಕಾದ ಕಸುಬಲ್ಲ, ಕಾಯಕ.

1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯೂ 1220ರಲ್ಲಿ ಅರಸೀಕೆರೆಯ ಸಹಸ್ರಕೂಟ ಜಿನಾಲಯವೂ ಎದ್ದ ಈ ನಾಡಿನ ಶ್ರಾವಕರಿಗಾದರೋ ಮದ್ಯ ನಿಷಿದ್ಧವಾಗಿತ್ತು. ಕಾರಣ ಮಾತ್ರ ಬೇರೆ. ಅಮೃತಚಂದ್ರರ 'ಪುರುಷಾರ್ಥಸಿದ್ಧ್ಯುಪಾಯ' ಮದ್ಯವನ್ನು ರಸದಲ್ಲಿ ಹುಟ್ಟುವ ಜೀವಿಗಳ ಯೋನಿ ಎನ್ನುತ್ತದೆ; ಕುಡಿಯುವುದು ಹಿಂಸೆ. ಹುದುಗಿನಲ್ಲೇ ಜೀವವನ್ನು ಕಂಡ ಈ ದೃಷ್ಟಿಗೆ ಪರವಾನಗಿಯ ಪ್ರಶ್ನೆ ಬಾರದು. ಆಧುನಿಕ ಅಬಕಾರಿಯ ಒಂದು ಕಣ್ಣಾದರೂ ಸದಾ ಬೊಕ್ಕಸದ ಮೇಲಿರುತ್ತದೆ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಅರಸೀಕೆರೆಯ ತೆಂಗಿನ ಸೀಮೆಯಲ್ಲೂ ಬೇಲೂರಿನ ಕಾಫಿ ಸೀಮೆಯಲ್ಲೂ ಸಾರಾಯಿ ಅಂಗಡಿಗಳು ಮುಚ್ಚಬೇಕಾಯಿತು. ಬಾಟಲಿಯ ವಿದೇಶಿ ಮಾದರಿಯ ಮದ್ಯ ತೆರಿಗೆ ಕೊಟ್ಟು ಉಳಿಯಿತು.

ಶಬ್ದದ ಈ ಸಡಿಲ ಬಳಕೆ ಪಂಡಿತರ ಚರ್ಚೆಗಷ್ಟೇ ಸೀಮಿತವಾಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ತಮಿಳುನಾಡಿನ ಕೃಷ್ಣಗಿರಿಯ ಕಡೆ ಮತ್ತೆ ನೂರಕ್ಕೂ ಹೆಚ್ಚು. ಕೊಂದದ್ದು ಮಿಥೈಲ್ ಆಲ್ಕೊಹಾಲ್, ಕಾರ್ಖಾನೆಗಳಲ್ಲಿ ಬಳಸುವ ರಾಸಾಯನಿಕ. ಬೆಲ್ಲ, ತೊಗಟೆಗಳ ಮಡಕೆಯಲ್ಲಿ ಆ ಪ್ರಮಾಣದ ಮಿಥೈಲ್ ಹುಟ್ಟದು. ಯಾರೋ ತಂದು ಬೆರೆಸಬೇಕು. ಆದರೂ ಇಂಥ ಸಾವುಗಳಿಗೆ 'ಕಳ್ಳಭಟ್ಟಿ ದುರಂತ'ವೆಂಬ ಹೆಸರೇ ರೂಢಿಯಾಗಿದೆ. ಆ ಹೆಸರು ಗುಡಿಸಲ ಒಲೆಯನ್ನು ತೋರಿಸುತ್ತದೆ, ರಾಸಾಯನಿಕದ ಡ್ರಮ್ಮು ಯಾವ ಗೇಟಿನಿಂದ ಹೊರಬಂತೆಂದು ಕೇಳುವುದಿಲ್ಲ.