ಕಾಯಂ ಕೆಲಸಕ್ಕೆ ಹಂಗಾಮಿ ಕೈ

ಸರ್ಕಾರಿ ನೌಕಾ ಡಾಕ್‌ಯಾರ್ಡ್‌ಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವರನ್ನು ಕಾಯಂ ಮಾಡಬೇಕೆ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಕಾರ್ಮಿಕನ ಹೊಟ್ಟೆಪಾಡಿನ ಸುತ್ತಲೇ ಸುತ್ತುತ್ತದೆ. ನನಗೆ ಅದಕ್ಕಿಂತ ಮೊದಲು ಹಡಗಿನ ಕಡೆಯಿಂದ ನೋಡಬೇಕೆನಿಸುತ್ತದೆ.

ಹಡಗಿನ ತಳದ ಟ್ಯಾಂಕಿನೊಳಗೆ ವೆಲ್ಡಿಂಗ್ ನಡೆಯಬೇಕು ಎನ್ನಿ. ಒಬ್ಬ ಮನುಷ್ಯ ನುಸುಳುವಷ್ಟೇ ಬಾಯಿ. ಒಳಗೆ ಎಣ್ಣೆಯ ಆವಿ ಉಳಿದಿದೆಯೇ, ಉಸಿರಾಡಲು ಗಾಳಿ ಸಾಕೇ ಎಂದು ಮೊದಲು ಪರೀಕ್ಷೆಯಾಗಬೇಕು. ಕಿಡಿ ಹಾರುವಷ್ಟು ಹೊತ್ತೂ ಬಾಯಿಯ ಹತ್ತಿರ ಒಬ್ಬ ಕಾವಲಿರಬೇಕು. ಪಕ್ಕದ ಗೋಡೆಯಾಚೆ ಏನಿದೆ ಎಂಬುದು ಗೊತ್ತಿರಬೇಕು. ಇದರಲ್ಲಿ ಅರ್ಧ ನಿಯಮಪುಸ್ತಕದಲ್ಲಿದೆ. ಉಳಿದರ್ಧ ಅದೇ ವರ್ಗದ ಹಡಗನ್ನು ಹಿಂದೆ ಬಿಚ್ಚಿ ಜೋಡಿಸಿದವರ ಕೈಯಲ್ಲಿದೆ. 2016ರ ಡಿಸೆಂಬರ್‌ನಲ್ಲಿ ಮುಂಬೈ ಡಾಕ್‌ಯಾರ್ಡ್‌ನಲ್ಲಿ ಐಎನ್‌ಎಸ್ ಬೇತ್ವಾ ಮಗುಚಿ ಇಬ್ಬರು ನಾವಿಕರು ಸತ್ತರು. 2024ರ ಜುಲೈಯಲ್ಲಿ ಅಲ್ಲೇ ರಿಪೇರಿಯಲ್ಲಿದ್ದ ಐಎನ್‌ಎಸ್ ಬ್ರಹ್ಮಪುತ್ರಕ್ಕೆ ಬೆಂಕಿ ಬಿದ್ದು ಒಬ್ಬ ನಾವಿಕ ತೀರಿಕೊಂಡ. ಇವೆರಡನ್ನೂ ಗುತ್ತಿಗೆ ಪದ್ಧತಿಯ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಇದು ಎಂಥ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ರಿಪೇರಿ ಕೆಲಸ ಒಮ್ಮೆ ಉಕ್ಕುತ್ತದೆ, ಒಮ್ಮೆ ಇಳಿಯುತ್ತದೆ, ಎಲ್ಲರನ್ನೂ ಕಾಯಂ ಮಾಡಿಕೊಂಡರೆ ಬರಿಗೈಯಲ್ಲಿ ಕೂರಿಸಿ ಸಂಬಳ ಕೊಡಬೇಕಾಗುತ್ತದೆ ಎನ್ನುತ್ತಾರೆ ಅಧಿಕಾರಿಗಳು. ಮಾತಿನಲ್ಲಿ ಹುರುಳಿದೆ. ಬ್ರಿಟನ್ನಿನ ನೌಕಾಪಡೆಯ ರಾಯಲ್ ಡಾಕ್‌ಯಾರ್ಡ್‌ಗಳಲ್ಲೂ ಪಿಂಚಣಿಯ ಹಕ್ಕಿದ್ದ ಕಾಯಂ ಕೆಲಸಗಾರರು ಒಂದು ಕಡೆ, ಬೇಕಾದಾಗ ಕರೆದು ಬೇಡವಾದಾಗ ಕಳಿಸುವವರು ಇನ್ನೊಂದು ಕಡೆ ಇದ್ದರು. ಏರಿಳಿತಕ್ಕೆ ಹಂಗಾಮಿಯವರು ಬೇಕು, ಒಪ್ಪೋಣ. ಇಳಿತದಲ್ಲೂ ಉಳಿಯುವ ಕೆಲಸಕ್ಕೆ ಅವರೇಕೆ? ಉಪ್ಪುನೀರಿನ ಉಕ್ಕು ಟೆಂಡರ್ ಅವಧಿ ನೋಡಿಕೊಂಡು ತುಕ್ಕು ಹಿಡಿಯುವುದಿಲ್ಲ. ಕೆಲಸ ವರ್ಷವಿಡೀ ಇರುವಂಥದ್ದೇ, ಪೂರ್ಣಾವಧಿ ಜನರನ್ನು ಹಿಡಿಸುವಷ್ಟಿದೆಯೇ ಎಂಬ ಅಳತೆಗೋಲನ್ನು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಕೊಟ್ಟಿತ್ತು.

ನ್ಯಾಯಾಲಯದ ತಕರಾರು ಬೇರೆ ಬಗೆಯದು, ಹೆಚ್ಚು ತೂಕದ್ದು. ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಹುಟ್ಟಿದ ಉಮಾದೇವಿ ಪ್ರಕರಣದಲ್ಲಿ, 2006ರಲ್ಲಿ, ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡಿದರೆ ಮುಂಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರಿಗೆ ಮೋಸವಾಗುತ್ತದೆ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ ತಳೆಯಿತು. ಅದನ್ನು ತಳ್ಳಿಹಾಕಲಾಗದು. ಆದರೆ ಮುಂಬಾಗಿಲಿನ ಕೀಲಿ ಯಾರ ಸೊಂಟದಲ್ಲಿದೆ? ನೇಮಕಾತಿ ನಡೆಸದೆ ಹುದ್ದೆ ಖಾಲಿ ಬಿಟ್ಟವರೇ ಹಿಂಬಾಗಿಲನ್ನೂ ತೆರೆದಿಡುತ್ತಾರೆ. ಉಮಾದೇವಿ ತೀರ್ಪನ್ನು ವರ್ಷಗಟ್ಟಲೆ ದುಡಿದವರ ವಿರುದ್ಧ ಆಯುಧ ಮಾಡಿಕೊಳ್ಳಬಾರದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಹೇಳಬೇಕಾಯಿತು.

ಕಾರವಾರದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಮೀನುಗಾರ, ರೈತ ಕುಟುಂಬಗಳು ಎದ್ದುಹೋದವು. ಅಂಥ ಮನೆಯ ಹುಡುಗ ಅದೇ ನೆಲದ ಗೇಟಿನಲ್ಲಿ ಗುತ್ತಿಗೆದಾರನ ಪಾಸು ತೋರಿಸಿ ಒಳಹೋಗಬೇಕಾದರೆ ಅದಕ್ಕೆ ಹಿಂಬಾಗಿಲು ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಮ್ಮೆಲೇ ಎಲ್ಲರನ್ನೂ ಕಾಯಂ ಮಾಡಿ ಎಂಬ ಘೋಷಣೆಯನ್ನೂ ನಾನು ಕೂಗಲಾರೆ. ವರ್ಷವಿಡೀ ನಡೆಯುವ ಕೆಲಸಕ್ಕೆ ಹುದ್ದೆ ಮಂಜೂರಾಗಲಿ, ಬಹಿರಂಗ ಪರೀಕ್ಷೆ ಕಾಲಕಾಲಕ್ಕೆ ನಡೆಯಲಿ, ಅದರಲ್ಲಿ ಯಾರ್ಡಿನಲ್ಲಿ ದುಡಿದ ವರ್ಷಗಳಿಗೆ ಅಂಕವೂ ವಯೋಮಿತಿಯಲ್ಲಿ ಸಡಿಲಿಕೆಯೂ ಸಿಗಲಿ. ಟ್ಯಾಂಕಿನೊಳಗೆ ಇಳಿಯುವವನ ಕೈಚಳಕಕ್ಕೆ ಲಿಖಿತ ಪರೀಕ್ಷೆಗಿಂತ ಹೆಚ್ಚು ಬೆಲೆ ಇರಲಿ.